ಕೋಟಿನ ಪುಸ್ತಕ

ಕೇರಳದ ಅರೂರಿನ ನಮ್ಮ ಶೀತಲ ಗೋದಾಮಿನಲ್ಲಿ ಹದಿನೆಂಟು ಕಂಪನಿಗಳ ಸೀಗಡಿ ಇರುತ್ತಿತ್ತು. ಒಳಗೆ ಹೋಗುವವರಿಗೆ ದಪ್ಪ ಕೋಟು ಕೊಡುವವಳು ನಾನು, ಬ್ರಿಜಿತ್ತ. ಕೋಟು ಕಳುವಾಗಬಾರದೆಂದು ಒಂದು ಪುಸ್ತಕವಿತ್ತು. ಒಳಹೋದ ಹೊತ್ತು, ಹೊರಬಂದ ಹೊತ್ತು ಗಡಿಯಾರ ನೋಡಿ ಬರೆಯುವವಳು ನಾನು. ಹೆಸರು, ಯಾವ ಕಂಪನಿಯ ಸರಕು, ಸಹಿ ಅವರದು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ‘ಸುಮಾರು’ ಎಂದು ಬರೆದವಳಲ್ಲ. ಜಂಬ ಎನ್ನುವವರು ಎನ್ನಲಿ.

ಮಾರ್ಚ್ ಕೊನೆಗೆ ಲೆಕ್ಕಪರಿಶೋಧಕರು ಬರುತ್ತಿದ್ದರು. ಕಂಪನಿ ತೋರಿಸಿದಷ್ಟು ಸೀಗಡಿ ಒಳಗೆ ನಿಜವಾಗಿ ಇದೆಯೇ ಎಂದು ಎಣಿಸುವುದು ಅವರ ಕೆಲಸ. ಒಳಗೆ ಮೈನಸ್ ಇಪ್ಪತ್ತು ಡಿಗ್ರಿ. ಕೆಲವರು ಹುಬ್ಬಿನ ಮೇಲೆ ಹಿಮ ಕೂರುವವರೆಗೂ ಎಣಿಸುತ್ತಿದ್ದರು. ಇನ್ನು ಕೆಲವರು ಬಾಗಿಲಲ್ಲಿ ಮುಖ ತೋರಿಸಿ ವಾಪಸ್.

“ಇಷ್ಟು ಬೇಗ ಆಯ್ತಾ ಸಾರ್? ಸೀಗಡಿಗಳೇ ಎದ್ದು ನಿಂತು ಹಾಜರಿ ಹೇಳಿದ್ವಾ?” ಎಂದು ಕೇಳಿದರೆ ನಗುತ್ತಿದ್ದರು. ನಾನೂ ನಗುತ್ತಲೇ ನಿಮಿಷ ಬರೆದುಕೊಳ್ಳುತ್ತಿದ್ದೆ.

ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕು ಎಂದಿದ್ದರು ಮ್ಯಾನೇಜರ್. ಮನಸ್ಸು ಬಾರದೆ, ಅವರನ್ನೇ ಕೇಳಿ ಮನೆಗೆ ತಂದು ಟ್ರಂಕಿನಲ್ಲಿಟ್ಟೆ. ಅದರ ಸುದ್ದಿ ಹಿಡಿದು ಬಂದವಳು ಸಜ್ನ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಎಲ್ಲರಂತೆ ಅವಳೂ ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆದಳು.

“ಚೇಚಿ, ಲೆಕ್ಕಪರಿಶೋಧನೆ ಚೆನ್ನಾಗಿತ್ತಾ ಅಂತ ಎಲ್ಲರೂ ಕಾಗದ ನೋಡಿ ಅಳೀತಾರೆ. ಅವರು ಒಳಗೆ ಹೋಗಿದ್ರಾ ಅಂತ ನೋಡಿರೋದು ನೀವೊಬ್ರೇ.”

ನಾಲ್ಕು ವರ್ಷ ನನ್ನ ಅಡುಗೆಮನೆಯಲ್ಲಿ ಮರಗೆಣಸು, ಮೀನು ತಿನ್ನುತ್ತಾ ಪುಟಪುಟ ನಕಲು ಮಾಡಿದಳು. ಹೆಸರು ಬಿಟ್ಟು ಒಬ್ಬೊಬ್ಬರಿಗೂ ಬರೀ ಸಂಖ್ಯೆ ಕೊಟ್ಟಳು. ಹತ್ತು ನಿಮಿಷದೊಳಗೆ ಹೊರಬಂದವರು ಲೆಕ್ಕಕ್ಕೆ ಸಹಿ ಹಾಕಿದ ಕಂಪನಿಗಳೇ ಆಮೇಲೆ ‘ಹಿಂದಿನ ಲೆಕ್ಕ ತಪ್ಪಾಗಿತ್ತು’ ಎಂದು ಹೆಚ್ಚು ಸಲ ತಿದ್ದಿಕೊಂಡಿದ್ದವು. ಅವಳ ಪ್ರಬಂಧವೆಲ್ಲ ನಿಂತದ್ದು ಅದರ ಮೇಲೆ.

ಸಭೆಯೆದುರು ಪ್ರಶ್ನೆಗಳಿಗೆ ಉತ್ತರಿಸುವ ಕೊನೆಯ ಪರೀಕ್ಷೆಯ ದಿನ ಟ್ರಂಕಿನ ಸಮೇತ ನನ್ನನ್ನೂ ಕರೆದೊಯ್ದಳು. ಪರೀಕ್ಷಕರು ತಿರುವನಂತಪುರದ ಪ್ರೊಫೆಸರ್ ವಾರಿಯರ್. ಅವರು ಒಪ್ಪದಿದ್ದರೆ ಸಜ್ನಳ ನಾಲ್ಕು ವರ್ಷ ನೀರುಪಾಲು.

“ಎಲ್ಲಾ ಸರಿ ಕಣಮ್ಮ,” ಎಂದರು ಅವರು ಹಾಳೆ ಮಗುಚುತ್ತಾ. “ಆದ್ರೆ ಕೋಟು ಕೊಡೋ ಹೆಂಗಸು ಬರೆದ ಹೊತ್ತನ್ನ ನಾನು ಹೇಗೆ ನಂಬಲಿ? ಸಂಜೆ ಕೂತು ಬಾಯಿಗೆ ಬಂದದ್ದು ಬರೆದಿರಬಹುದಲ್ಲ?”

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಆ ದನಿ, ಆ ಹೆಸರು ಎರಡೂ ಸೇರಿ ನೆನಪಾದವು. ಮಗಳು ಹುಟ್ಟಿ ನಾನು ಕೆಲಸಕ್ಕೆ ಮರಳಿದ ವರ್ಷ, ಗಡಗಡ ನಡುಗುತ್ತಾ ಹೊರಬಂದ ಒಬ್ಬ ಯುವ ಲೆಕ್ಕಪರಿಶೋಧಕ, “ಮುಂದಿನ ವಾರ ಮದುವೆ ಚೇಚಿ, ಬೆರಳು ಉದುರಿಹೋದ್ರೆ ಉಂಗುರ ಎಲ್ಲಿ ಹಾಕ್ಕೊಳ್ಳಲಿ?” ಎಂದಿದ್ದ.

ಆ ಪುಟ ತೋರಿಸಿದರೆ ಅವರು ಸಿಟ್ಟಿಗೆ ಸಜ್ನಳನ್ನು ಮುಳುಗಿಸಬಹುದು. ತೋರಿಸದಿದ್ದರೆ ಹೇಗೂ ಮುಳುಗುತ್ತಾಳೆ. ಟ್ರಂಕು ತೆರೆದು ಆ ವರ್ಷದ ಪುಸ್ತಕ ಹುಡುಕಿ, ಪುಟ ಬಿಡಿಸಿ ಅವರ ಮುಂದಿಟ್ಟೆ.

“ಗಟ್ಟಿಯಾಗಿ ಓದ್ಬೇಕಾಗಿಲ್ಲ ಸಾರ್. ನೀವೊಬ್ರೇ ನೋಡಿ. ನಾನು ಬರೆದದ್ದು ಸುಳ್ಳಾದ್ರೆ ಸುಳ್ಳು ಅನ್ನಿ, ಪುಸ್ತಕ ಎತ್ಕೊಂಡು ಮನೆಗೆ ಹೋಗ್ತೀನಿ.”

ಅವರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸಜ್ನ ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು. ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಅವರ ಮಾನ ಉಳಿಯುತ್ತಿತ್ತು, ಅವರ ಮಾತನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ.

ವಾರಿಯರ್ ಎದ್ದು ನಿಂತು, ಸಭೆಗೆಲ್ಲ ಕೇಳುವಂತೆ ಓದಿದರು. “ಒಳಗೆ ಹತ್ತು ಹದಿನೇಳು. ಹೊರಗೆ ಹತ್ತು ಇಪ್ಪತ್ತೊಂದು. ಸಹಿ ನಂದೇ.”

ಪುಸ್ತಕವನ್ನು ಸಭೆಯ ಕಡೆ ತಿರುಗಿಸಿ ಹಿಡಿದರು.

“ನಾಲ್ಕೇ ನಿಮಿಷ. ಮುಂದಿನ ಸಾಲಿನ ಪೆಟ್ಟಿಗೆ ಎಣಿಸಿ ಉಳಿದದ್ದನ್ನ ಗುಣಿಸಿದೆ. ಎಲ್ಲಾ ಕಣ್ಣಾರೆ ನೋಡಿದೆ ಅಂತ ವರದೀಲಿ ಬರೆದೆ. ಈ ಹೆಂಗಸು ನಿಮಿಷ ಸರಿಯಾಗಿ ಬರೆದಿದ್ದಾಳೆ, ಸುಳ್ಳು ಬರೆದವನು ನಾನು.” ಸಜ್ನಳ ಕಡೆ ತಿರುಗಿದರು. “ಇದನ್ನೂ ಸೇರಿಸಿದ್ದೀಯಾ?”

“ಸೇರಿಸಿದ್ದೀನಿ ಸಾರ್. ಹೆಸರಿಲ್ಲ. ನೂರಾ ಹನ್ನೆರಡನೇ ಸಂಖ್ಯೆ.”

“ಆ ಕಂಪನಿ ಆಮೇಲೆ ಲೆಕ್ಕ ತಿದ್ದಿತಾ?”

“ಎರಡು ಸಲ, ಸಾರ್.”

ಅವರು ತಲೆಯಾಡಿಸಿ, ಕೂತು, ಒಪ್ಪಿಗೆಯ ಹಾಳೆಗೆ ಸಹಿ ಹಾಕಿದರು. ಆಮೇಲೆ ಅದನ್ನು ನನ್ನ ಕಡೆ ತಳ್ಳಿ, “ಈಗ ಎಷ್ಟು ಗಂಟೆ ಚೇಚಿ? ಹೊತ್ತು ನೀವೇ ಬರೀರಿ,” ಎಂದರು.

ಗೋಡೆಯ ಗಡಿಯಾರ ನೋಡಿ ಬರೆದೆ. ಡಾಕ್ಟರ್ ಸಜ್ನಳ ಹಾಳೆಯ ಮೇಲೆ ನನ್ನ ಅಕ್ಷರ ಇದೆ, ಹನ್ನೆರಡು ನಲವತ್ತಮೂರು.