ಹಡಗಿನಲ್ಲಿ ಬಂದ ಕಾಯಿ

ನನ್ನ ತಮ್ಮ ಮಧ್ವೇಶನಿಗೆ ಬೇಕಾದ್ದು ಬೇಡದ್ದನ್ನೆಲ್ಲ ತಲೆಗೆ ತುಂಬಿಕೊಳ್ಳುವ ಚಟ. ಸವಣೂರಿನಲ್ಲಿ ಗುಮಾಸ್ತನಾಗಿದ್ದ. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ವಾರಕ್ಕೊಮ್ಮೆ ‘ಹೌದೇನು?’ ಎಂಬ ತಲೆಬರಹದಡಿ ನಾಲ್ಕು ಸಾಲು ಬರೆಯುತ್ತಿದ್ದ. ಜೇನುತುಪ್ಪ ಕೆಡುವುದೇ ಇಲ್ಲ, ಸವಣೂರಿನ ಮಠದ ದೊಡ್ಡಹುಣಸೆ ಮರಗಳು ಹುಣಸೆಯೇ ಅಲ್ಲ, ಆಫ್ರಿಕಾದವು, ಇಂಥವು. ಶನಿವಾರ ಹಾನಗಲ್ಲಿಗೆ ಬಂದಾಗ ಅಡಿಗೆಮನೆಯ ಹೊಸ್ತಿಲಾಚೆ ಕೂತು ಅವ್ವನಿಗೆ ಓದಿ ಹೇಳುವನು. ಮಡಿಸೀರೆಯ ಅವ್ವ ಸೌಟು ಹಿಡಿದುಕೊಂಡೇ “ಹೌದೇನೋ!” ಎಂದು ಬೆರಗಾಗುವಳು. ಇಬ್ಬರಿಗೂ ತುತ್ತಿಗೊಂದು ಹಸಿ ಮೆಣಸಿನಕಾಯಿ ಕಚ್ಚದಿದ್ದರೆ ಊಟವೇ ಇಳಿಯದು. ಅವರಿಬ್ಬರ ನಗು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಮನೆಯ ಹಿರೇಮಗ ನಾನು, ಶ್ರೀಪಾದ. ನನ್ನ ಹತ್ತಿರ ಯಾರೂ ಹಾಗೆ ಕೂತು ನಗುತ್ತಿರಲಿಲ್ಲ.

ಎಪ್ಪತ್ತೈದನೇ ಇಸವಿಯಲ್ಲಿ ಅಪ್ಪನ ಶ್ರಾದ್ಧ. ಬ್ರಾಹ್ಮಣರು ಎಲೆಯ ಮುಂದೆ ಕೂತಿದ್ದರು. ಮಧ್ವೇಶ ಕಾಳುಮೆಣಸಿನ ಸಾರು ಬಡಿಸುತ್ತಿದ್ದವನು ನಡುವೆಯೇ ನಿಂತ.

“ಆಚಾರ್ರ, ಈ ಅಡಗಿಗೆ ಮೆಣಸಿನಕಾಯಿ ಯಾಕ ಹಾಕಂಗಿಲ್ಲ ಗೊತ್ತೇನ್ರಿ? ಅದು ಪೋರ್ಚುಗೀಸರ ಹಡಗಿನ್ಯಾಗ ಬಂದದ್ದು. ನಮ್ಮ ಹಿರ್ಯಾರು ಅದನ್ನ ಕಂಡಿದ್ದೇ ಇಲ್ಲ!”

ಎಲೆಯ ಮುಂದಿದ್ದ ಒಬ್ಬರು ಫಕ್ಕನೆ ನಕ್ಕರು. ಅಪ್ಪನ ಶ್ರಾದ್ಧದಲ್ಲಿ ನಗು! ನನಗೆ ಕಣ್ಣು ಕತ್ತಲೆಗಟ್ಟಿತು.

“ಇಡೋ ಆ ಪಾತ್ರಿ ಕೆಳಗ. ಅಪ್ಪನ ಎಲಿ ಮುಂದ ಚ್ಯಾಷ್ಟಿ ಮಾಡ್ತಿ? ಇನ್ನ ಮ್ಯಾಲೆ ಈ ಮನ್ಯಾಗ ನೀ ಉಣಬ್ಯಾಡ.”

ಪಾತ್ರೆ ಕೆಳಗಿಟ್ಟು, ಚೀಲ ತೆಗೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋಗಿಬಿಟ್ಟ.

ಆಮೇಲೂ ಶನಿವಾರ ಬರುತ್ತಿದ್ದ. ಅದೇ ಹೊಸ್ತಿಲಾಚೆ ಕೂತು ಓದಿ ಹೇಳುತ್ತಿದ್ದ. ಆದರೆ ಒಂದು ತುತ್ತು ಮುಟ್ಟಲಿಲ್ಲ. ಅವ್ವ ಎಲೆ ಹಾಕಿದರೆ, “ಅಣ್ಣ ಉಣಬ್ಯಾಡ ಅಂದಾನಲ್ಲವ್ವ” ಎಂದು ನಗುವನು. ನಾನು ಪಡಸಾಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಉಣ್ಣೋ ಅಂತ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಮೂರು ವರ್ಷ ಅನ್ನಲಿಲ್ಲ. ನಾನೇಕೆ ಸೋಲಬೇಕು ಎಂಬ ಹಟ. ನಾಲ್ಕನೇ ವರ್ಷ ಅವನಿಗೆ ಕಾಮಾಲೆಯಾಯಿತು. ಒಂಬತ್ತೇ ದಿನ.

ಮದುವೆಯಾಗದವನು, ಮಕ್ಕಳಿಲ್ಲ. ಮೊದಲ ವರ್ಷದ ಶ್ರಾದ್ಧ ನಾನೇ ಮಾಡಬೇಕಾಯಿತು. ನಾಲ್ಕು ವರ್ಷಗಳ ನಂತರ ನನ್ನ ತಮ್ಮ ನಮ್ಮ ಮನೆಯಲ್ಲಿ ಉಣ್ಣುವ ದಿನ. ಈ ಸಲವಾದರೂ ಅವನು ಉಂಡು ಹೋಗಲಿ ಎಂಬುದೊಂದೇ ನನ್ನ ಆಸೆ.

ಶ್ರಾದ್ಧ ಮಾಡಿಸುವ ಆಚಾರ್ರು ವಾಡಿಕೆಯಂತೆ ಕೇಳಿದರು, “ಅವಗ ಏನ ಸೇರ್ತಿತ್ತು? ಅದನ್ನೊಂದು ಮಾಡಸ್ರಿ.”

ಎಣಿಸತೊಡಗಿದೆ. ಮಿರ್ಚಿ. ಬಟಾಟಿ ಪಲ್ಯ. ಶೇಂಗಾ ಚಟ್ನಿ. ಪೇರಲ ಹಣ್ಣು. ಒಂದೊಂದಕ್ಕೂ ಆಚಾರ್ರು ತಲೆ ಅಲ್ಲಾಡಿಸಿದರು.

“ಯಾವುದೂ ಬರಂಗಿಲ್ಲ ನೋಡ್ರಿ. ಎಲ್ಲಾ ಪರದೇಶದ್ದು, ಹಡಗಿನ್ಯಾಗ ಬಂದದ್ದು. ಹಿರ್ಯಾರು ಕಾಣದ್ದನ್ನ ಅವರಿಗೆ ಹೆಂಗ ಬಡಸೋದು?”

ಅವನು ಹೇಳಿದ್ದೂ ಇದನ್ನೇ. ಇಷ್ಟೇ ಮಾತಿಗೆ ನಾನು ಅವನ ಅನ್ನ ಕಿತ್ತುಕೊಂಡಿದ್ದೆ.

ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದಳು. ಅಂಗೈಯಲ್ಲಿ ಹಿತ್ತಲಿನ ಒಂದು ಹಸಿ ಮೆಣಸಿನಕಾಯಿ ಇತ್ತು.

“ಶ್ರೀಪಾದ, ಆ ಹಿರ್ಯಾರು ಹಡಗ ಬರೂಕಿಂತ ಮೊದಲ ಸತ್ತವರು. ನನ್ನ ಮಗ ಹಡಗ ಬಂದ ಮ್ಯಾಲೆ ಹುಟ್ಟಿದವನಲ್ಲೇನೋ? ಅವಗ ಗೊತ್ತಲ್ಲೇನೋ ಇದರ ರುಚಿ? ಒಂದ ಹಾಕ್ತೇನಿ.”

ಆಚಾರ್ರು ನನ್ನ ಮುಖ ನೋಡಿದರು. ಹೂಂ ಅನ್ನಲು ಬಾಯಿ ತೆರೆದೆ. ಕರ್ಮ ಕೆಟ್ಟರೆ ಅವನಿಗೆ ಈ ಊಟವೂ ಮುಟ್ಟಲಿಕ್ಕಿಲ್ಲ ಎಂದು ಎದೆ ಅಳುಕಿತು.

“ಬ್ಯಾಡವ್ವ,” ಅಂದೆ.

ಎರಡನೇ ಸಲವೂ ಬೇಡ ಅಂದವನು ನಾನೇ. ಅವ್ವ ಮುಷ್ಟಿ ಮುಚ್ಚಿಕೊಂಡು ಒಳಗೆ ಹೋದಳು. ಮೆಣಸಿನ ಸಾರಿನಲ್ಲೇ ಶ್ರಾದ್ಧ ಮುಗಿಯಿತು.

ಅಂದು ಅವಳು ಊಟಕ್ಕೆ ಕೂತಾಗ ಮೆಣಸಿನಕಾಯಿ ಕಚ್ಚಲಿಲ್ಲ. ಮರುದಿನವೂ ಇಲ್ಲ. ನಾನು ತಾಟಿನಲ್ಲಿಟ್ಟರೆ ಪಕ್ಕಕ್ಕೆ ಸರಿಸಿದಳು. “ಅವಗಿಲ್ಲದ್ದು ನನಗ್ಯಾಕ?” ಅಂದಳು ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಟಾಟಿ ಬಿಟ್ಟಳು, ಶೇಂಗಾ ಬಿಟ್ಟಳು. ಐದು ವರ್ಷ ಬರೀ ಮೆಣಸಿನ ಸಾರು, ಅನ್ನ. ಎಂಬತ್ತನಾಲ್ಕನೇ ಇಸವಿಯಲ್ಲಿ ಹೋದಳು.

ಅವಳ ಮೊದಲ ವರ್ಷದ ಶ್ರಾದ್ಧಕ್ಕೂ ಅದೇ ಆಚಾರ್ರು ಬಂದರು. ಅದೇ ಪ್ರಶ್ನೆ ಕೇಳಿದರು.

“ಅವ್ವನೋರಿಗೆ ಏನ ಸೇರ್ತಿತ್ತು?”

“ಮೆಣಸಿನ ಸಾರು,” ಅಂದೆ.

“ಪಾಡಾತು ಬಿಡ್ರಿ. ಅದು ಬರ್ತದ.”

ಅವ್ವನ ಎಲೆಯಲ್ಲಿ ಏನೂ ಕಡಿಮೆಯಾಗಲಿಲ್ಲ. ತುತ್ತಿಗೊಂದು ಹಸಿ ಮೆಣಸಿನಕಾಯಿ ಇಲ್ಲದಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ ಎಂಬುದು ಈಗ ನನಗೊಬ್ಬನಿಗೇ ಗೊತ್ತು. ಹೇಳಿದರೆ ಹೌದೇನೋ ಎನ್ನುವವರು ಮನೆಯಲ್ಲಿ ಯಾರೂ ಇಲ್ಲ.