ಆಕಾಶದ ರುಚಿ

ನಾಳೆ ಬೆಳಿಗ್ಗೆ ಬೋರು ಕೊರೆಯುವ ಲಾರಿ ಬರುತ್ತದೆ. ಒಂದೇ ಒಂದು ಬೋರು ಕೊರೆದು ಮುಂದಿನ ಊರಿಗೆ ಹೋಗಿಬಿಡುತ್ತದೆ. ಅದು ಗುಡ್ಡದ ದಕ್ಷಿಣಕ್ಕೋ ಉತ್ತರಕ್ಕೋ ಎಂದು ಹೇಳಬೇಕಾದವಳು ಹಿಲಾರಿಯಾ ಕೊಂಡೋರಿ. ಒರೂರೋ ಪಟ್ಟಣದ ನಕ್ಷೆ ಕಚೇರಿಯವಳು; ಬೊಲಿವಿಯಾದ ಈ ಎತ್ತರದ ಬಯಲನ್ನು ಇಪ್ಪತ್ತೆರಡು ವರ್ಷದಿಂದ ಅಳೆಯುತ್ತ ಬಂದವಳು.

ಹಂಕೊಪಾತ ಊರಿಗೆ ಮುಂಚೆ ಗುಡ್ಡದ ಎರಡೂ ಮಗ್ಗುಲಲ್ಲಿ ಒಂದೊಂದು ಒರತೆ ಇತ್ತು. ಎರಡೂ ಬತ್ತಿ ಹದಿನೈದು ವರ್ಷ. ಯಾವುದು ಸಿಹಿ, ಯಾವುದು ಉಪ್ಪು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಉಪ್ಪುನೀರು ಬಿದ್ದರೆ ಆಲೂಗಡ್ಡೆ ಪೈರು ಸುಟ್ಟುಹೋಗುತ್ತದೆ, ಉಣ್ಣೆಗೆಂದು ಸಾಕಿದ ಲಾಮಾಗಳು ಮೂಸಿಯೂ ನೋಡುವುದಿಲ್ಲ. ಹಿಲಾರಿಯಾಳೇ ಬರೆದ ನಕ್ಷೆಯಲ್ಲಿ ಎರಡು ಕಡೆಯೂ ಒಂದೊಂದು ನೀಲಿ ಚುಕ್ಕೆ. ಚುಕ್ಕೆಗೆ ರುಚಿ ಇಲ್ಲವಲ್ಲ.

ಸಭೆ ಶುರುವಾಗಿ ಕೋಕಾ ಎಲೆಯ ಚೀಲ ಕೈಯಿಂದ ಕೈಗೆ ದಾಟಿತು. ಹಿಲಾರಿಯಾ ಒಂದು ಹಿಡಿ ದವಡೆಗಿಟ್ಟು ಅಗಿಯುತ್ತ, ಕಲ್ಲುಬೆಂಚಿನ ಮೇಲೆ ಎರಡು ಚಿತ್ರ ಹರಡಿದಳು. ಹತ್ತೊಂಬತ್ತು ವರ್ಷದ ಹಿಂದೆ ಅಳತೆಗೆ ಬಂದಾಗ ಜಲವರ್ಣದಲ್ಲಿ ಬರೆದವು. ಯಾವ ಜಾಗವನ್ನು ಬರೆಯುತ್ತಾಳೋ ಆ ಜಾಗದ ನೀರಿನಲ್ಲೇ ಬಣ್ಣ ಕಲಸುವುದು ಅವಳ ಪದ್ಧತಿ. ಕಚೇರಿಯಲ್ಲಿ ಅದಕ್ಕೆ ನಗುತ್ತಿದ್ದರು. ಉತ್ತರದ ಒರತೆಯ ಆಕಾಶ ನುಣ್ಣಗಿತ್ತು. ದಕ್ಷಿಣದ್ದರ ತುಂಬ ಸಣ್ಣ ಸಣ್ಣ ಬಿಳಿಯ ಕಲೆಗಳು. ಅವಳಿಗೆ ಅದೇ ಅಚ್ಚುಮೆಚ್ಚು.

“ಹಾಡುಹಗಲಲ್ಲಿ ನಕ್ಷತ್ರ ಬರ್ದಿದೀಯಲ್ಲ ಇಂಜಿನಿಯರಮ್ಮಾ,” ಎಂದ ಈ ವರ್ಷದ ಊರ ಯಜಮಾನ ಡೋನ್ ಫರ್ಮಿನ್.

“ನಾನು ಬರ್ದದ್ದಲ್ಲ ಮಾವಾ, ಒಣಗುವಾಗ ತಾನಾಗೇ ಬಂತು. ಚಳಿಗೆ ಬಣ್ಣ ಹೆಪ್ಪುಗಟ್ಟಿದ್ರೂ ಹೀಗಾಗತ್ತೆ, ನೀರಲ್ಲಿ ಉಪ್ಪಿದ್ರೂ ಹೀಗಾಗತ್ತೆ. ಯಾವ್ದು ಅಂತ ಗೊತ್ತಾಗ್ಬೇಕು.”

“ಚಳಿಯೇ ಕಣೇ,” ಎಂದಳು ಬಸೀಲಿಯಾ ಅತ್ತೆ, ಊದಿದ ದವಡೆಗೆ ಶಾಲು ಒತ್ತಿಕೊಂಡು. ಅವಳ ಲಾಮಾ ದೊಡ್ಡಿ ದಕ್ಷಿಣದಲ್ಲೇ; ದೂರದಿಂದ ನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. “ಹೆಪ್ಪುಗಟ್ಟಬಾರ್ದು ಅಂತ ನೀನು ಬಣ್ಣಕ್ಕೆ ಸಾರಾಯಿ ಬೆರೆಸ್ತಿದ್ದೆ. ದಕ್ಷಿಣದ್ದು ಬರ್ದ ದಿನ ಮೊದ್ಲು ಭೂಮ್ತಾಯಿಗೆ ಹನಿಸ್ಬೇಕು ಅಂತ ನಾನೇ ಬಾಟ್ಲಿ ಇಸ್ಕೊಂಡು ಪೂರ್ತಿ ಸುರಿದ್ಬಿಟ್ಟೆ.”

“ಭೂಮ್ತಾಯಿಗೆ ಅರ್ಧ. ಮಿಕ್ಕಿದ್ದು ನಿನ್ನ ಗಂಟ್ಲಿಗೆ ಅಕ್ಕಾ,” ಎಂದ ಫರ್ಮಿನ್.

“ನನ್ನ ಗಂಟ್ಲೂ ಮಣ್ಣೇ ಅಲ್ವೇನೋ?”

ಎಲ್ಲರೂ ನಕ್ಕರು. ಹಿಲಾರಿಯಾ ಮಾತ್ರ ಭೂತಗನ್ನಡಿ ಹಿಡಿದು ಬಗ್ಗಿಯೇ ಇದ್ದಳು. ಹೆಪ್ಪಿನ ಗುರುತಾದರೆ ಗರಿಯ ಹಾಗೆ ಕವಲೊಡೆಯಬೇಕಿತ್ತು, ಇವು ದುಂಡಗಿದ್ದವು. ಸಮಾಧಾನವಾಗದೆ ಆಕಾಶದ ಒಂದು ಮೂಲೆ ನೆಕ್ಕಿ ನೋಡಿದಳು. ಏನೂ ಇಲ್ಲ. ಫರ್ಮಿನ್ ನೆಕ್ಕಿದ. ಇನ್ನಿಬ್ಬರು ನೆಕ್ಕಿದರು. “ಬರೀ ಕಾಗ್ದ,” ಎಂದರು. ಹಾಗಾದರೆ ಚಳಿಯೇ ಸರಿ, ಎರಡೂ ಸಿಹಿಯಾದ ಮೇಲೆ ದೊಡ್ಡಿಗೆ ಹತ್ತಿರದ ದಕ್ಷಿಣವೇ ಸರಿ ಎಂದು ಹಿಲಾರಿಯಾ ಪೆನ್ಸಿಲ್ ಎತ್ತಿಕೊಂಡಳು.

“ತಡಿ, ಆಕಾಶದ ರುಚಿ ನಂಗೊಬ್ಳಿಗೆ ಬೇಡ್ವಾ?” ಎಂದು ಬಸೀಲಿಯಾ ಅತ್ತೆ ನಾಲಿಗೆ ಚಾಚಿದಳು. ಒಂದು ಮೂಲೆ ನೆಕ್ಕಿದಳು. ದೊಡ್ಡಿಯ ಕಡೆಗೊಮ್ಮೆ ನೋಡಿದಳು. ಶಾಲು ಸರಿಮಾಡಿಕೊಂಡಳು.

“ಉಪ್ಪು,” ಎಂದಳು.

“ನಮ್ಗ್ಯಾರಿಗೂ ಸಿಗದ ಉಪ್ಪು ನಿಂಗೊಬ್ಳಿಗೆ ಸಿಕ್ತಾ?” ಎಂದ ಫರ್ಮಿನ್.

“ಬೆಳಗಿಂದ ಎಲೆ ಅಗೀತಾ ಕೂತಿದೀರಿ. ಆ ಮರಗಟ್ಟಿದ ನಾಲ್ಗೆ ಮೇಲೆ ಕೆಂಡ ಇಟ್ರೂ ತಿಳಿಯಲ್ಲ. ನಂಗೆ ಮೊನ್ನೆ ಹಲ್ಲು ಕಿತ್ತಿದಾರೆ, ಎಲೆ ಮುಟ್ಟಿಲ್ಲ.”

ಹಿಲಾರಿಯಾ ಎದ್ದು ಹೋಗಿ ಎಲೆ ಉಗಿದಳು. ಬಾಯಿ ಮುಕ್ಕಳಿಸಿದಳು. ನಾಲಿಗೆಯ ಜೋಮು ಇಳಿಯುವ ತನಕ ಬಿಸಿಲಲ್ಲಿ ಕೂತಿದ್ದು, ಬಂದು ಮತ್ತೊಂದು ಮೂಲೆ ನೆಕ್ಕಿದಳು. ಈಗ ಬಂತು, ನಿಧಾನವಾಗಿ, ತೆಳ್ಳಗೆ. ಉತ್ತರದ ಆಕಾಶದಲ್ಲಿ ಬಣ್ಣದ ಅಂಟಿನ ಸಪ್ಪೆ ಸಿಹಿ ಬಿಟ್ಟರೆ ಬೇರೇನಿಲ್ಲ. ಹತ್ತೊಂಬತ್ತು ವರ್ಷ ಆ ಉಪ್ಪನ್ನೇ ಚಳಿ ಎಂದುಕೊಂಡು ನೋಡಿ ನೋಡಿ ಸಂತೋಷಪಟ್ಟಿದ್ದಳು.

“ಅತ್ತೆ, ನೀನು ಸುಮ್ನಿದ್ದಿದ್ರೆ ಬೋರು ನಿನ್ನ ದೊಡ್ಡಿ ಮುಂದೇ ಬೀಳ್ತಿತ್ತು.”

“ಬೀಳ್ತಿತ್ತು. ಆಮೇಲೆ ಲಾಮಾಗಳು ದಿನಾ ನನ್ನ ಮುಖಕ್ಕೆ ಉಗೀತಿದ್ವು.”

ಹಿಲಾರಿಯಾ ನಕ್ಷೆಯಲ್ಲಿ ಉತ್ತರಕ್ಕೆ ಗುರುತು ಹಾಕಿದಳು. ನಾಲಿಗೆ ತಾಗಿದಲ್ಲೆಲ್ಲ ಚಿತ್ರದ ನಕ್ಷತ್ರಗಳು ಅಳಿಸಿಹೋಗಿ ನೀಲಿ ಕದಡಿಕೊಂಡಿತ್ತು. ಅದನ್ನು ತಿದ್ದಲು ಹೋಗಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ, ‘ಉಪ್ಪು. ರುಚಿ ನೋಡಿದವರು ಬಸೀಲಿಯಾ’ ಎಂದು ಬರೆದು ತಾರೀಖು ಹಾಕಿದಳು.

“ನಾಳೆ ನೀರು ಬಂದ್ರೆ ಮೊದಲ್ನೇ ಲೋಟ ನಂಗೆ, ಬಣ್ಣಕ್ಕೆ,” ಎಂದಳು.

“ಮೊದಲ್ನೇದು ಭೂಮ್ತಾಯಿಗೆ. ನಿಂದು ಎರಡ್ನೇದು,” ಎಂದಳು ಅತ್ತೆ.