ಏರು ಶ್ರುತಿ

"ಅಮ್ಮ, ಅಳ್ಬೇಡ. ಬಿಪಿ ಜಾಸ್ತಿ ಆಗುತ್ತೆ," ಎನ್ನುತ್ತ ನರೇಂದ್ರ ತಾಯಿಯ ಕೈಯನ್ನು ಚಟ್ಟದ ಮೇಲಿಂದ ಬಿಡಿಸಿದ.

ಗಂಡ ಮುನಿಶಾಮಿ ಚಟ್ಟದ ಮೇಲೆ ಮಲಗಿದ್ದರೂ ಅಂಜಿನಮ್ಮ ಬೆಳಗಿನಿಂದ ಅತ್ತಿರಲಿಲ್ಲ. ಅಳು ಗಂಟಲಿಗೆ ಬಂದಾಗಲೆಲ್ಲ ಯಾರಾದರೂ ಅಡ್ಡ ಬರುತ್ತಿದ್ದರು. "ಎಂಬತ್ತು ದಾಟಿದ ಜೀವ, ನಿದ್ದೇಲೇ ಹೋದ್ರು. ಪುಣ್ಯದ ಸಾವು ಕಣಮ್ಮ, ಅಳಬಾರ್ದು." ಪುಣ್ಯವೆಲ್ಲ ಹೋದವನಿಗಾಯಿತು. ಉಳಿದವಳ ಎದೆ ಹಗುರ ಮಾಡುವವರು ಯಾರು?

ಅಂಗಳದಲ್ಲಿ ಮುನಿಶಾಮಿಯ ಭಜನೆ ತಂಡ ತಾಳ ಹಿಡಿದು ಕೂತಿತ್ತು. "ಇವತ್ತಾದ್ರೂ ಸರಿಯಾದ ಶ್ರುತೀಲಿ ಹಾಡಣ ಕಣ್ರಪ್ಪಾ," ಎಂದ ಹಾರ್ಮೋನಿಯಂ ಪಂಚಪ್ಪ. ತಂಡದವರು ಸಣ್ಣಗೆ ನಕ್ಕರು.

\*

ಯುದ್ಧದಲ್ಲಿ ಮಡಿದವರ ನೆನಪಿಗೆ ವರ್ಷಕ್ಕೊಮ್ಮೆ ಅಟ್ಟೂರಿನ ಪಾರ್ಕಿನಲ್ಲಿ, ಹೆಸರು ಕೊರೆದ ಕಲ್ಲಿನ ಮುಂದೆ, ಊರವರೆಲ್ಲ ಒಟ್ಟಿಗೆ ಹಾಡುತ್ತಿದ್ದರು. ಹಾಡು ಎತ್ತುವವನು ಸೈಕಲ್ ಶಾಪಿನ ಮುನಿಶಾಮಿ. ಕೆಲವು ವರ್ಷಗಳಿಂದ ಅವನು ಎತ್ತಿದರೆ ತೆಂಗಿನಮರದ ತುದಿಗೇ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮಾಜಿ ಸೈನಿಕರ ಕತ್ತಿನ ನರ ಉಬ್ಬಿ, ಹಾಡು ಹೋಗಿ ಕಿರುಚಾಟವಾಗಿರುತ್ತಿತ್ತು. ಮುದುಕನಿಗೆ ಕಿವಿ ಹೋಯಿತೆಂದು ಎಲ್ಲರೂ ತೀರ್ಮಾನಿಸಿದರು.

"ಮಾನ ಕಳೀತೀಯ. ಇಳಿಸಿ ಹಾಡಕ್ಕೇನು ರೋಗ ನಿಂಗೆ?" ಎಂದು ಅಂಜಿನಮ್ಮ ದಾರಿಯುದ್ದಕ್ಕೂ ಬೈಯುತ್ತಿದ್ದಳು.

"ಆಗ್ಲಿ ಬುಡಮ್ಮಿ, ಮುಂದಿನ ವರ್ಸ."

ಮುಂದಿನ ವರ್ಷವೂ ಹಾಡಿದ್ದೇ ಹಾಡೋ ಕಿಸಬಾಯಿದಾಸ.

\*

ಪಂಚಪ್ಪ ಶ್ರುತಿ ಹಿಡಿಯುವಷ್ಟರಲ್ಲಿ ಹೆಂಗಸರ ನಡುವಿನಿಂದ ದಾನವ್ವ ಎದ್ದಳು. ಗದಗದ ಕಡೆಯಿಂದ ಬಂದು ಅಟ್ಟೂರಿನಲ್ಲಿ ನೆಲೆಸಿದವಳು. ಪಾರ್ಕಿನ ಕಲ್ಲಿನ ಮೇಲೆ ಕಡೆಯ ಹೆಸರು ಅವಳ ಮಗ ಸೋಮನಾಥನದು.

"ಹಂಗಲ್ರೀ. ಅವರು ಎತ್ತಿದಂಗ ಎತ್ರಿ, ಮ್ಯಾಲೆ."

"ಸಾವಿನ ಮನೇಲೂ ಅರಚಬೇಕೇನವ್ವ?" ಎಂದ ಪಂಚಪ್ಪ.

"ಮಗ ಹೋದ ಮೊದಲನೇ ವರ್ಷ ಪಾರ್ಕಿನ್ಯಾಗ ನಾ ಅಳಾಕ ಹತ್ತಿದ್ರ, ವೀರನ ತಾಯಿ ಅಳಬಾರದು ಅಂತ ಸ್ಟೇಜಿನ ಮ್ಯಾಲಿನವರು ಸುಮ್ಮನ ಕುಂದ್ರಿಸಿದ್ರು. ಮರುವರ್ಷ ಮುನಿಶಾಮಣ್ಣ ಕಿವ್ಯಾಗ ಹೇಳಿದ್ರು: 'ಕೊನೇ ಸಾಲಲ್ಲಿ ಎಲ್ರುನ್ನೂ ಅರಚುಸ್ತೀನಿ. ಆಗ ನೀನು ಅತ್ಬುಡವ್ವ, ಯಾರ್ಗೂ ಕೇಳ್ಸಲ್ಲ.' ಆವತ್ತಿನಿಂದ ವರ್ಷಕ್ಕೊಮ್ಮೆ ಬಾಯಿಬಿಟ್ಟು ಅತ್ತೀನ್ರೀ."

ಅಂಜಿನಮ್ಮ ಗಂಡನ ಮುಖ ನೋಡಿದಳು. ಅಷ್ಟು ಬೈಸಿಕೊಂಡರೂ ಬಾಯಿ ಬಿಡಲಿಲ್ಲವಲ್ಲ, ಈ ಮನುಷ್ಯ! ಅವಳಿಗೆ ಸಿಟ್ಟೂ ಬಂತು, ಎಂದೂ ಬರದಷ್ಟು ಪ್ರೀತಿಯೂ ಬಂತು.

ಪಂಚಪ್ಪನ ಬೆರಳುಗಳು ಹಾರ್ಮೋನಿಯಂ ಮೇಲೆ ಬಲಕ್ಕೆ ಸರಿದವು. ಹಾಡು ಎದ್ದಿತು, ಏರಿತು. ಕೊನೆಯ ಸಾಲಿಗೆ ತಂಡದವರ ಗಂಟಲು ಹರಿಯತೊಡಗಿದಾಗ ಅಂಜಿನಮ್ಮ ಚಟ್ಟದ ಮೇಲೆ ಬಿದ್ದು ಬಾಯಿಬಿಟ್ಟು ಅತ್ತಳು.

ಅವಳಿಗೆ ಬೆನ್ನು ಮಾಡಿ, ಜನರತ್ತ ತಿರುಗಿ, ಎಂದೂ ಹಾಡದ ದಾನವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಎಲ್ಲರಿಗಿಂತ ಗಟ್ಟಿಯಾಗಿ ಅರಚುತ್ತಿದ್ದಳು.